ಭುಜದ ಬಾವಿ

ಸೂಜಿ ಚಿಕಿತ್ಸೆಯ ಶಾಲೆಯ ಹೆಬ್ಬಾಗಿಲು ದಾಟಿದೊಡನೆ ಎದುರಾಗುವ ಗೋಡೆಗೆ ಹೊಸ ಫಲಕಗಳನ್ನು ಏರಿಸುತ್ತಿದ್ದರು. ಒಂದೊಂದರಲ್ಲೂ ಬಿಳಿ ಕೋಟು ತೊಟ್ಟ ಒಬ್ಬೊಬ್ಬ ಅಧ್ಯಾಪಕರು. ಕೆಳಗೆ ಅವರು ಎಲ್ಲಿ ಓದಿದರು, ಯಾರ ಕೈಕೆಳಗೆ ಪಳಗಿದರು, ಯಾವ ಆಸ್ಪತ್ರೆಯಲ್ಲಿ ದುಡಿದರು ಎಂಬ ವಿವರ. ಔಯಾಂಗ್ ರುಯಿಜೆನ್ ತನ್ನ ಫಲಕದ ಮುಂದೆ ನಿಂತು ಓದಿದಳು, ಮತ್ತೊಮ್ಮೆ ಓದಿದಳು. ಫೋಟೊ ಅವಳದೇ. ಹೆಸರೂ ಅವಳದೇ. ಅದರ ಕೆಳಗಿದ್ದದ್ದು ಮಾತ್ರ ಯಾರದೋ ಬದುಕು.

ಪ್ರಾಂತೀಯ ಮಹಾವಿದ್ಯಾಲಯದಲ್ಲಿ ಸೂಜಿ ಚಿಕಿತ್ಸೆಯ ಉನ್ನತ ವ್ಯಾಸಂಗ ಎಂದಿತ್ತು. ನಾನ್‌ಚಾಂಗಿನಲ್ಲಿ ಒಂದು ಮಳೆಗಾಲ ನಡೆದ ತರಬೇತಿ ಅದು. ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸಿದ್ದೇ ಅವಳಿಗೆ ಹೆಚ್ಚು ನೆನಪು. ತೂ ಮಾವೊಲಿನ್ ಗುರುಗಳ ಮನೆಯಲ್ಲಿ ಒಲೆ ಉರಿಸಿ, ಹತ್ತಿ ತುಂಬಿದ ದಿಂಬಿಗೆ ಸೂಜಿ ಇಳಿಸಿ, ಆಮೇಲೆ ತನ್ನ ತೊಡೆಗೇ ಇಳಿಸಿಕೊಂಡು ಕಲಿತ ಇಡೀ ಹರೆಯದ ಬಗ್ಗೆ ಅಲ್ಲಿ ಒಂದಕ್ಷರವಿರಲಿಲ್ಲ.

"ಚೆನ್ನಾಗಿ ಬಂದಿದೆ ಅಲ್ವಾ ಟೀಚರ್?" ಎಂದ ಏಣಿಯ ಮೇಲಿದ್ದ ಮೊಳೆ ಹೊಡೆಯುವವನು. "ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರ."

"ಚಿಕ್ಕವಳಲ್ಲಪ್ಪ, ಹುಟ್ಟೇ ಇಲ್ಲದವಳ ಥರ ಕಾಣ್ತೀನಿ," ಎಂದು ಅವಳು ನೇರ ಪ್ರಾಂಶುಪಾಲರ ಕೋಣೆಗೆ ನಡೆದಳು.

ಪ್ರಾಂಶುಪಾಲ ಪೆಂಗ್ ಜಿಹುವಾ ಅವಳನ್ನು ಕಂಡೊಡನೆ ಚಹಾದ ಕೆಟಲಿಗೆ ಕೈ ಹಾಕಿದ. ಅವಳು ಯಾಕೆ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ಇಬ್ಬರೂ ಒಂದೇ ಗುರುವಿನ ಮನೆಯಲ್ಲಿ ಅನ್ನ ಉಂಡವರು. ಅವನು ಮೊದಲು ಬಂದವನು, ಅದಕ್ಕೇ ಅವಳಿಗೆ ಅಣ್ಣ.

"ಕೂತ್ಕೊ ತಂಗಿ."

"ನಿಂತೇ ಕೇಳ್ತೀನಿ. ಗುರುಗಳ ಹೆಸರು ಎಲ್ಲಿ?"

"ನನ್ನ ಫಲಕದಲ್ಲೂ ಇಲ್ಲ. ನೋಡಿದ್ಯಾ?"

"ನಿನ್ನದರಲ್ಲಿ ಯಾವತ್ತೂ ಇರ್ಲಿಲ್ಲ. ನಿನ್ನ ವಿಷಯ ನಿನಗೆ ಬಿಟ್ಟಿದ್ದು. ನನ್ನ ಹಳೆ ಫಲಕದಲ್ಲಿದ್ದದ್ದನ್ನ ಅಳಿಸಿದವರು ಯಾರು ಅಂತ ಕೇಳ್ತಿದೀನಿ."

ಜಿಹುವಾ ಎರಡು ಬಟ್ಟಲಿಗೆ ಚಹಾ ಬಗ್ಗಿಸಿದ. ಒಂದನ್ನು ಅವಳತ್ತ ಸರಿಸಿದ. ಅವಳು ಮುಟ್ಟಲಿಲ್ಲ.

"ಬುಧವಾರ ಪ್ರಾಂತ್ಯದ ತಂಡ ಬರುತ್ತೆ. ಈ ಸಲ ಮಾನ್ಯತೆ ಸಿಗದೇ ಹೋದ್ರೆ ಇಲ್ಲಿ ಕಲಿತ ಮಕ್ಕಳಿಗೆ ಪರೀಕ್ಷೆಗೆ ಕೂರೋ ಹಕ್ಕೂ ಇರಲ್ಲ. ತಂಡದವರಲ್ಲಿ ಯಾರಾದ್ರೂ ಗೋಡೆ ಮೇಲಿನ ಹೆಸರು ಹಿಡಿದು ಹುಡುಕಿದ್ರೆ ಏನು ಸಿಗುತ್ತೆ ಹೇಳು. ತೂ ಮಾವೊಲಿನ್, ಪರವಾನಗಿ ಕಿತ್ಕೊಂಡ ವೈದ್ಯ. ಹೆಂಗಸಿನ ಶ್ವಾಸಕೋಶಕ್ಕೆ ಸೂಜಿ ಚುಚ್ಚಿದವನು. ಅಂಥವನ ಹತ್ರ ಕಲಿತವಳು ನಮ್ಮ ಟೀಚರ್ ಅಂತ ಬೋರ್ಡ್ ಹಾಕ್ಲಾ?"

"ಹಾಕು. ನಿಜ ತಾನೆ?"

"ನಿಜ ಎಲ್ಲಾ ಗೋಡೆ ಮೇಲೆ ಹಾಕೋಕಾಗುತ್ತಾ?"

"ಸುಳ್ಳು ಹಾಕೋಕಾಗುತ್ತಲ್ಲ, ಹಾಗೇ."

ಅವನು ನಕ್ಕ, ಆದರೆ ಬೇಗ ನಗು ಇಳಿಸಿದ. "ಇನ್ನೊಂದು ಮಾತು. ಬುಧವಾರ ತಂಡದವರು ನಿನ್ನ ತರಗತೀಲಿ ಕೂರ್ತಾರೆ. ಆ ಗುರುಪಾಠ ಹೇಳಿಸಬೇಡ. ನೇರ ಪಾಠಕ್ಕೆ ಹೋಗು. ಹೇಳಿಸಿದ್ರೆ ನಿನ್ನನ್ನ ಮೂಲಿಕೆ ಉಗ್ರಾಣಕ್ಕೆ ಹಾಕ್ಬೇಕಾಗುತ್ತೆ. ಅಣ್ಣನಾಗಿ ಅಲ್ಲ, ಪ್ರಾಂಶುಪಾಲನಾಗಿ ಹೇಳ್ತಿದೀನಿ."

"ಅಣ್ಣನಾಗಿದ್ರೆ ಗುರುಗಳ ಮುಂದೆ ಮಂಡಿಯೂರಿ ಚಹಾ ಕೊಟ್ಟು ಶಿಷ್ಯನಾದದ್ದು ನೆನಪಿರ್ತಿತ್ತು."

"ಈ ಊರಲ್ಲಿ ನಾನು ಚಹಾ ಕೊಡದೇ ಇರೋರು ಯಾರಿದಾರೆ, ಹೇಳು ನೋಡೋಣ."

ಅವಳು ಹೊರಟುಬಂದಳು.

ಗುರುಪಾಠವೆಂದರೆ ತೂ ಗುರುಗಳ ಪರಂಪರೆಯ ಕ್ರಮ. ಬೇರೆ ಮನೆಗಳಲ್ಲಿ ಶಿಷ್ಯ ಮೊದಲು ದೇಹದಲ್ಲಿ ಸೂಜಿ ಇಳಿಸುವ ಬಿಂದುಗಳ ಪದ್ಯ ಕಲಿಯುತ್ತಾನೆ. ಈ ಮನೆಯಲ್ಲಿ ಅದಕ್ಕೂ ಮುಂಚೆ ಗುರುಗಳ ಹೆಸರು ಹೇಳಬೇಕು, ಪ್ರತಿ ಹೆಸರಿನೊಡನೆ ಆ ಗುರು ಮಾಡಿದ ತಪ್ಪನ್ನೂ ಹೇಳಬೇಕು. ಗೆದ್ದ ರೋಗಗಳ ಸುದ್ದಿಯೇ ಅದರಲ್ಲಿಲ್ಲ. ಶಿಷ್ಯನಾದವನು ಇನ್ನೊಬ್ಬರಿಗೆ ಕಲಿಸಲು ಹೊರಡುವ ದಿನ ತನ್ನ ತಪ್ಪನ್ನು ತಾನೇ ಸಾಲು ಕಟ್ಟಿ ಕೊನೆಗೆ ಸೇರಿಸಬೇಕು. ಬೇರೆಯವರು ಅವನ ಪರವಾಗಿ ಸೇರಿಸುವಂತಿಲ್ಲ. ರುಯಿಜೆನ್ ಬೆಳಗಿನ ಜಾವ ವೈದ್ಯರ ದೇವರಾದ ಔಷಧರಾಜನ ಪಟದ ಮುಂದೆ ಊದುಬತ್ತಿ ಹಚ್ಚಿ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ. ಪ್ರಾರ್ಥನೆಯೆಂದು ಬೇರೆ ಯಾವುದೂ ಅವಳಿಗೆ ಬಾರದು.

ತೂ ಗುರುಗಳ ತಪ್ಪು ನಡೆದದ್ದು ಭುಜದ ಬಾವಿಯಲ್ಲಿ. ಕತ್ತಿಗೂ ತೋಳಿಗೂ ನಡುವೆ, ಹೆಗಲ ಮೇಲೆ ಬೆರಳಿಗೆ ತಗ್ಗಾಗಿ ಸಿಗುವ ಬಿಂದುವಿಗೆ ಆ ಹೆಸರು. ಬಾವಿಯೇ ಸರಿ, ಅದರ ತಳದಲ್ಲಿ ಶ್ವಾಸಕೋಶದ ತುದಿಯಿದೆ. ಗುರುಗಳ ಬಳಿಗೆ ಬರುತ್ತಿದ್ದವರು ಗಾನ್ ನದಿಯ ಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು, ಎಮ್ಮೆಯ ಹೆಗಲಿನವರು. ನೇರ ಇಳಿಸಿದರೂ ಸೂಜಿ ಮಾಂಸದಲ್ಲೇ ನಿಲ್ಲುತ್ತಿತ್ತು. ಕೈಗೆ ಅದೇ ರೂಢಿಯಾಗಿಹೋಗಿತ್ತು. ಒಂದು ದಿನ ಹೊಸದಾಗಿ ಮದುವೆಯಾಗಿ ಬಂದಿದ್ದ ಕಡ್ಡಿಯಂಥ ಹೆಣ್ಣೊಬ್ಬಳು ಕತ್ತುನೋವೆಂದು ಬಂದು ಕೂತಳು. ಗುರುಗಳು ಹಮಾಲನಿಗೆ ಇಳಿಸಿದಂತೆಯೇ ಇಳಿಸಿದರು. ಸಂಜೆಯೊಳಗೆ ಅವಳಿಗೆ ಉಸಿರು ಸಿಗದಾಯಿತು. ಗುರುಗಳೇ ಅವಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದರು. ಏನಾಯಿತೆಂದು ಅಲ್ಲಿ ಕೇಳುವ ಮೊದಲೇ "ನನ್ನ ಸೂಜಿ, ನನ್ನ ಕೈ" ಎಂದರು. ಹೆಣ್ಣು ಬದುಕಿದಳು. ಪರವಾನಗಿ ಹೋಯಿತು. ಆಮೇಲೆ ಅವರು ಯಾವ ರೋಗಿಯನ್ನೂ ಮುಟ್ಟಲಿಲ್ಲ, ಆದರೆ ಸಾಯುವವರೆಗೂ ಕಲಿಸಿದರು.

ಆ ಹೆಣ್ಣು ಈಗ ಶಾಲೆಯ ಗೇಟಿನೆದುರು ಅಕ್ಕಿ ಶಾವಿಗೆಯ ಅಂಗಡಿ ಇಟ್ಟಿರುವ ಕುವಾಂಗ್ ಅಕ್ಕ. ಕಡ್ಡಿಯಂತಿದ್ದವಳು ಪೀಪಾಯಿಯಾಗಿದ್ದಾಳೆ. ಮರುದಿನ ಬೆಳಿಗ್ಗೆ ರುಯಿಜೆನ್ ಅಲ್ಲಿ ಸ್ಟೂಲು ಎಳೆದುಕೊಂಡು ಕೂತಾಗ, ಶಾವಿಗೆಗೆ ಕಡಲೆಬೀಜ, ಉಪ್ಪಿನ ಮೂಲಂಗಿ ಉದುರಿಸುತ್ತಲೇ ಅಕ್ಕ ಶುರುಮಾಡಿದಳು.

"ನಿನ್ನೆ ಒಳಗೆ ಹೋಗಿ ಗೋಡೆ ನೋಡ್ಕೊಂಡು ಬಂದೆ. ನನಗೇನು ಓದೋಕೆ ಬರಲ್ವಾ? ಆ ಮುದುಕನ ಹೆಸರೆಲ್ಲೇ?"

"ತೆಗೆದಿದಾರೆ ಅಕ್ಕ."

"ಯಾಕೆ?"

"ನಿನಗೆ ಆಗಿದ್ದಕ್ಕೇ."

ಕುವಾಂಗ್ ಅಕ್ಕ ಚಮಚೆಯನ್ನು ಬೋಗುಣಿಗೆ ಕುಕ್ಕಿದಳು. "ಆಗಿದ್ದು ನನಗಾ, ಆ ಜಿಹುವಾಗಾ? ನೋಡು, ನಾನು ಆ ಮುದುಕನ್ನ ಕ್ಷಮಿಸಿಲ್ಲ. ಈಗ್ಲೂ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ್ರೆ ಶಾಪ ಹಾಕ್ತೀನಿ. ಹಬ್ಬಕ್ಕೆ ಬಾತುಕೋಳಿ ತಂದ್ರೆ ಹಕ್ಕಿ ಇಸ್ಕೊಂಡು ಮುಖಕ್ಕೆ ಬಾಗಿಲು ಹಾಕ್ತಿದ್ದೆ. ಆದ್ರೆ ನಾನು ಮಾಡ್ಲಿಲ್ಲ ಅಂತ ಅವನು ಒಂದು ದಿನ ಅಂದವನಲ್ಲ. ಕಲಿಯೋಕೆ ಬಂದವರ ಬಾಯಲ್ಲೆಲ್ಲಾ ಅದನ್ನೇ ಹಾಡಿಸಿದ. ಈಗ ಅವನೇ ಇರ್ಲಿಲ್ಲ ಅಂದ್ರೆ ನನ್ನ ಎದೆಗೆ ತೂತು ಮಾಡಿದವರು ಯಾರು? ಸೊಳ್ಳೆನಾ?"

ರುಯಿಜೆನ್ ತಲೆ ಬಗ್ಗಿಸಿ ಶಾವಿಗೆ ಕಲಸುತ್ತಿದ್ದಳು. ರಾತ್ರಿಯೆಲ್ಲ ಅವಳು ಗುರುವಿನ ಮಾನದ ಬಗ್ಗೆ ಯೋಚಿಸಿದ್ದಳು, ತನ್ನ ಕೆಲಸದ ಬಗ್ಗೆಯೂ ಯೋಚಿಸಿದ್ದಳು. ಈ ಹೆಂಗಸಿನ ಉಸಿರಿನ ಬಗ್ಗೆ ಯೋಚಿಸಿರಲೇ ಇಲ್ಲ. ಹೆಸರು ಅಳಿಸಿದರೆ ಇವಳಿಗಾದ ನೋವೂ ಅಳಿಸಿಹೋಗುತ್ತದೆ. ನಾಳೆ ಇನ್ನೊಬ್ಬ ಬಡಕಲು ಹುಡುಗಿಯ ಹೆಗಲ ಮೇಲೆ ಕೈಯಿಡುವವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

"ತಿನ್ನು, ತಣ್ಣಗಾಗುತ್ತೆ," ಎಂದಳು ಅಕ್ಕ. "ಮುಖ ನೋಡು, ಮೂಲಂಗಿ ಥರ."

ಬುಧವಾರ ತಂಡದ ಮೂವರು ತರಗತಿಯ ಹಿಂದೆ ಕೂತರು. ಅವರ ಪಕ್ಕ ಜಿಹುವಾ. ತಂಡದ ಮುಖ್ಯಸ್ಥೆ ಬಿಗಿಯಾಗಿ ಕೂದಲು ಕಟ್ಟಿದ, ಮೆಲುದನಿಯ ಹೆಂಗಸು. ಮೂಳೆಶಾಸ್ತ್ರದ ಪ್ರೊಫೆಸರ್ ಎಂದು ಪರಿಚಯಿಸಿದ್ದರು. ಅಂದಿನ ಪಾಠ ಹೆಗಲಿನ ಬಿಂದುಗಳು. ಮಕ್ಕಳು ಪುಸ್ತಕ ತೆರೆದುಕೊಂಡು, ಪ್ರಾಂಶುಪಾಲರ ಕಡೆಗೊಮ್ಮೆ ಟೀಚರ್ ಕಡೆಗೊಮ್ಮೆ ನೋಡಿದರು. ಅವರ ಕಿವಿಗೂ ಸುದ್ದಿ ಬಿದ್ದಿತ್ತು.

"ಪುಸ್ತಕ ಮುಚ್ಚಿ," ಎಂದಳು ರುಯಿಜೆನ್. "ಗುರುಪಾಠ."

ಮಕ್ಕಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿದರು. ಹೆದರಿದವರನ್ನು ಅವಳು ಗದರಿಸಲಿಲ್ಲ. ಕೈಗಳನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು, ಮುಂಜಾನೆ ಪಟದ ಮುಂದೆ ಹೇಳುವ ಅದೇ ರಾಗದಲ್ಲಿ ಒಬ್ಬಳೇ ಹೇಳತೊಡಗಿದಳು.

"ಹುವಾಂಗ್ ಬೊಯಾನ್ ಮೊದಲ ಗುರು;
ಬಸುರಿಯೇ ಎಂದು ಕೇಳದೆ ಕೈಗೆ ಇಳಿಸಿದ, ತೊಟ್ಟಿಲು ಬರಿದಾಯಿತು.
ಹುವಾಂಗನ ಮಗಳು ಎರಡನೆಯ ಗುರು;
ಉಂಡೆಯಾ ಎಂದು ಕೇಳದೆ ಕಾಲಿಗೆ ಇಳಿಸಿದಳು, ಹಸಿದವ ನೆಲಕ್ಕುರುಳಿದ."

ಇಲ್ಲಿಗೆ ಮುಂದಿನ ಸಾಲಿನ ಹುಡುಗಿಯೊಬ್ಬಳ ದನಿ ಕೂಡಿಕೊಂಡಿತು. ಆಮೇಲೆ ಅಲ್ಲೊಂದು ಇಲ್ಲೊಂದು ದನಿ.

"ತೂ ಮಾವೊಲಿನ್ ಮೂರನೆಯ ಗುರು;
ಹೆಗಲು ಬಡಕಲೆಂದು ನೋಡದೆ ನೇರ ಇಳಿಸಿದ, ಹೆಣ್ಣಿನ ಉಸಿರು ಮುರಿಯಿತು.
ಔಯಾಂಗ್ ರುಯಿಜೆನ್ ಅವನ ಶಿಷ್ಯೆ;
ಎಣಿಸದೆ ಎದ್ದಳು, ಒಂದು ಸೂಜಿ ಮುದುಕನ ಕಾಲಲ್ಲೇ ಮನೆಗೆ ಹೋಯಿತು."

ಕೊನೆಯ ಸಾಲಿಗೆ ಎಂದಿನಂತೆ ಮಕ್ಕಳು ಕಿಸಕ್ಕೆಂದರು. ತಂಡದ ಗಂಡಸರಲ್ಲಿ ಒಬ್ಬನೂ ನಕ್ಕುಬಿಟ್ಟು ಕೆಮ್ಮಿದ.

ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿದಳು. "ಟೀಚರ್, ಇದು ಪಠ್ಯದಲ್ಲಿದೆಯಾ?"

"ಇಲ್ಲ ಮೇಡಂ. ಇದು ನನ್ನ ಓದು. ನೀವು ಅಧ್ಯಾಪಕರ ಹಿನ್ನೆಲೆ ನೋಡೋಕೆ ಬಂದಿದೀರಲ್ಲ, ನನ್ನ ಹಿನ್ನೆಲೆ ಇದು."

"ಗೋಡೆ ಮೇಲೆ ಬೇರೆ ಓದು ಬರೆದಿದೆ."

"ಗೋಡೆ ಮೇಲಿರೋದು ಒಂದು ಮಳೆಗಾಲದ ಮಾತು. ನನಗೆ ಕೈ ಹಿಡಿದು ಕಲಿಸಿದವರು ತೂ ಗುರುಗಳು."

"ಈ ಪಾಠ ಕೇಳಿದ್ರೆ ಅವರ ಪರವಾನಗಿ ರದ್ದಾಗಿರಲೇಬೇಕು. ಅಂಥವರನ್ನ ನಾವು ಗುರು ಅಂತ ಒಪ್ಪೋ ಹಾಗಿಲ್ಲ, ನಿಮಗೆ ಗೊತ್ತಿರ್ಬೇಕು."

"ಗೊತ್ತು. ನೀವು ಒಪ್ಪಬೇಕು ಅಂತ ನಾನು ಕೇಳ್ತಿಲ್ಲ. ನಾನು ಅಲ್ಲಗಳೆಯಲ್ಲ, ಅಷ್ಟೇ. ರದ್ದು ಮಾಡಿದ್ದು ಸರಿ ಅಂತ ಗುರುಗಳೇ ಹೇಳ್ತಿದ್ರು."

"ಇದನ್ನ ನಾನು ಬರೆದುಕೊಳ್ಳಬೇಕಾಗುತ್ತೆ."

"ಬರ್ಕೊಳ್ಳಿ ಮೇಡಂ. ಮಾವೊಲಿನ್. ಮನೆಹೆಸರು ತೂ."

ಮುಖ್ಯಸ್ಥೆ ಮುಚ್ಚಳ ತೆಗೆದು ಬರೆದುಕೊಂಡಳು. ಸಿಟ್ಟಾದಳೋ ಮೆಚ್ಚಿದಳೋ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಬಳಿಕ ಜಿಹುವಾನ ಕಡೆ ತಿರುಗಿ, "ನೀವೂ ಅದೇ ಮನೆಯಲ್ಲಿ ಕಲಿತವರು ಅಂತ ಊರಲ್ಲಿ ಯಾರೋ ಹೇಳಿದ್ರು. ನಿಮ್ಮ ಸಾಲು ಇದರಲ್ಲಿ ಬರ್ಲಿಲ್ಲವಲ್ಲ?" ಎಂದಳು.

ಜಿಹುವಾ ರುಯಿಜೆನ್‌ಳತ್ತ ನೋಡಿದ. ಅವನ ತಪ್ಪೇನೆಂದು ಅವಳಿಗೆ ಗೊತ್ತಿತ್ತು. ಅದು ನಡೆದಾಗ ಅವಳು ಪಕ್ಕದಲ್ಲೇ ಹತ್ತಿ ಹಿಡಿದು ನಿಂತಿದ್ದಳು. ಈಗ ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು, ಅವನ ಗುಟ್ಟು ಹೊರಬೀಳುತ್ತಿತ್ತು.

"ಅವರ ಸಾಲು ಅವರೇ ಹೇಳಬೇಕು ಮೇಡಂ," ಎಂದಳು. "ಬೇರೆಯವರು ಹೇಳೋ ಕ್ರಮ ನಮ್ಮಲ್ಲಿಲ್ಲ."

ಜಿಹುವಾ ಹೇಳಲಿಲ್ಲ. ತಂಡದವರು ಎದ್ದು, ಪ್ರಯೋಗಾಲಯ ನೋಡಲು ಹೊರಟರು. ಅವರನ್ನು ಮೆಟ್ಟಿಲವರೆಗೆ ಬಿಟ್ಟು ಜಿಹುವಾ ಮರಳಿ ಬಂದ. ಬಾಗಿಲಲ್ಲೇ ನಿಂತು, ಮಕ್ಕಳಿಗೆ ಕೇಳಿಸಬಾರದೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದ. ಮಕ್ಕಳಿಗೆ ಕೇಳಿಸಿತು.

"ನಾಳೆಯಿಂದ ಉಗ್ರಾಣ. ಈ ಕೋಣೆಗೆ ಕಾಲಿಡಬೇಡ."

"ಆಗ್ಲಿ. ಅಲ್ಲಿಗೂ ಮಕ್ಕಳು ಮೂಲಿಕೆ ಹೆಚ್ಚೋಕೆ ಬರ್ತಾರೆ. ನನ್ನ ಬಾಯಿ ನನ್ನ ಜತೇಲೇ ಬರುತ್ತೆ."

"ಯಾಕಿಷ್ಟು ಹಟ ತಂಗಿ? ಸತ್ತವನಿಗೆ ಇದರಿಂದ ಏನು ಸಿಗುತ್ತೆ?"

"ಸತ್ತವರಿಗಲ್ಲ. ಗೇಟಿನ ಹತ್ರ ಶಾವಿಗೆ ಮಾರ್ತಾಳಲ್ಲ, ಅವಳನ್ನ ಕೇಳು. ಮೆಟ್ಟಿಲು ಹತ್ತಿಸಿ ಕೇಳು." ಅವಳು ಮಕ್ಕಳ ಕಡೆ ತಿರುಗಿದಳು. "ಅಣ್ಣ, ಇವತ್ತಿನ ಗಂಟೆ ಇನ್ನೂ ಹೊಡೆದಿಲ್ಲ. ಇವತ್ತು ಈ ಕೋಣೆ ನನ್ನದು. ನಿಲ್ಲೋದಾದ್ರೆ ನಿಲ್ಲು, ಬಾಗಿಲಿಗೆ ಅಡ್ಡ ಬೇಡ, ಬೆಳಕು ಬೇಕು."

ಜಿಹುವಾ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಹೋಗಲಿಲ್ಲ.

ರುಯಿಜೆನ್ ಮುಂದಿನ ಸಾಲಿನ ಬಡಕಲು ಹುಡುಗಿಯನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಉಂಡೆಯಾ ಎಂದು ಕೇಳಿದಳು. ಉಂಡಿದೀನಿ ಎಂದಳು ಹುಡುಗಿ. ಅಂಗಿಯ ಕೊರಳು ಸರಿಸಿ, ಹೆಗಲ ಮೇಲಿನ ತಗ್ಗನ್ನು ಬೆರಳಲ್ಲಿ ತೋರಿಸಿ, ಎಲ್ಲರೂ ಹತ್ತಿರ ಬರುವಂತೆ ಕೈಮಾಡಿದಳು.

"ಇದು ಭುಜದ ಬಾವಿ. ಇಲ್ಲಿ ನೇರ ಕೆಳಗೆ ಯಾರೂ ಇಳಿಸಬಾರದು. ಮಾಂಸಾನ ಹೀಗೆ ಚಿವುಟಿ ಮೇಲಕ್ಕೆ ಎತ್ತಬೇಕು. ಎತ್ತಿದ ಮಾಂಸದಲ್ಲಿ ಮುಂದಿನಿಂದ ಹಿಂದಕ್ಕೆ ಮಾತ್ರ. ಚಿವುಟೋಕೆ ಮಾಂಸ ಸಿಗದಿದ್ರೆ ಸೂಜಿ ಎತ್ತಿಡಿ, ಮನೆಗೆ ಕಳಿಸಿ. ಇದನ್ನ ಹೇಳಿಕೊಟ್ಟವರು ಯಾರು?"

"ತೂ ಮಾವೊಲಿನ್," ಎಂದರು ಮಕ್ಕಳು. ಈ ಸಲ ಎಲ್ಲರೂ ಹೇಳಿದರು.

"ಅವರಿಗೆ ಹೇಗೆ ಗೊತ್ತಾಯ್ತು?"

"ಹೆಣ್ಣಿನ ಉಸಿರು ಮುರಿಯಿತು."

ಹುಡುಗಿಯ ಹೆಗಲು ಸ್ವಲ್ಪ ನಡುಗಿತು. ರುಯಿಜೆನ್ ತನ್ನ ಅಂಗೈಯನ್ನು ಅದರ ಮೇಲೆ ಬೆಚ್ಚಗೆ ಒತ್ತಿಹಿಡಿದಳು, ನಡುಕ ನಿಲ್ಲುವವರೆಗೂ. ಆಮೇಲೆ ಮಾಂಸವನ್ನು ಚಿವುಟಿ ಎತ್ತಿ, ಸೂಜಿಗಾಗಿ ಇನ್ನೊಂದು ಕೈ ಚಾಚಿದಳು.