ಬಿಸಿಲೂರಿನ ಕೆಮ್ಮು

ದೊಡ್ಡ ಹೊದಿಕೆ ಹಿಂಡುವುದಕ್ಕೆ ಎರಡು ಕೈ ಸಾಲದು. ಒಂದು ತುದಿಯನ್ನು ಹಿತ್ತಲಿನ ಕಂಬಕ್ಕೆ ಸುತ್ತಿ, ಇನ್ನೊಂದು ತುದಿ ಹಿಡಿದು ತಿರುಚುತ್ತಿದ್ದೆ. ಅಷ್ಟರಲ್ಲಿ ಬಚ್ಚಲಿನಲ್ಲಿ ಯಾರೋ ನಲ್ಲಿಯನ್ನು ಪೂರ್ತಿ ಬಿಟ್ಟ ಸದ್ದಾಯಿತು.

"ಯಾರದು ನಲ್ಲಿ ಹಂಗೆ ಬಿಟ್ಟಿರೋದು? ಟ್ಯಾಂಕಿಗೆ ನಿಮ್ಮಜ್ಜ ಬಂದು ನೀರು ತುಂಬಿಸ್ತಾನಾ?" ಎಂದು ಮುಂದಿನ ಕೋಣೆಯಿಂದ ಅಕ್ಕ ಕೂಗಿದರು.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಹಾಗಾಗಿ ನನ್ನ ಮಗಳ ಆ ಅಜ್ಜ ಅವರ ಸ್ವಂತ ಅಪ್ಪನೇ. ಬೈಯುವಾಗ ಅವರು ಅಷ್ಟೆಲ್ಲ ಲೆಕ್ಕ ಹಾಕುವುದಿಲ್ಲ.

ನನಗೆ ನಗು ಬಂದಿತ್ತು. ಆದರೆ ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ಕೆಮ್ಮು. ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ಕೆಮ್ಮುವ ಕೆಮ್ಮು. ಕೈಯಲ್ಲಿದ್ದ ಹೊದಿಕೆ ತಾನೇ ಬಿಚ್ಚಿಕೊಂಡು ಮಣ್ಣಿಗೆ ಬಿತ್ತು.

ನಲ್ಲಿ ನಿಂತಿತು. ಮಗಳು ಹೊರಗೆ ಬಂದಳು. ಮುಖವೆಲ್ಲ ಒದ್ದೆ, ಕಣ್ಣು ಕೆಂಪು.

"ಏನ್ ಮಾಡ್ತಿದ್ದೆ ಮಗಾ?"

"ಮುಖ ತೊಳ್ಕೊಂಡೆ."

"ಇಷ್ಟು ಹೊತ್ತಾ?"

"ಸೋಪು ಕಣ್ಣಿಗೆ ಹೋಯ್ತು."

ಸೋಪು ನನ್ನ ಬಕೆಟ್ಟಿನ ಪಕ್ಕದಲ್ಲಿತ್ತು. ಕಾಲರಿನ ಕಲೆ ತಿಕ್ಕಲು ಬೆಳಿಗ್ಗೆಯೇ ತಂದುಕೊಂಡಿದ್ದೆ. ಅವಳೂ ಅದನ್ನು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. ಚೀಲ ಬೆನ್ನಿಗೇರಿಸಿ ಸ್ಕೂಲಿಗೆ ಓಡಿಹೋದಳು.

ಓಡಿದಳು. ಈ ಒಂದು ಮಾತನ್ನು ಬರೆಯುವಾಗ ಈಗಲೂ ನನ್ನ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ.

ನಾವು ಮೊದಲಿದ್ದ ಊರಿನಲ್ಲಿ ಅವಳು ಓಡಿದ್ದನ್ನು ನಾನು ಕಂಡಿರಲಿಲ್ಲ. ಅದು ಚಳಿಯ ಊರು. ಗೋಡೆ ಮುಟ್ಟಿದರೆ ಕೈಗೆ ತೇವ ಹತ್ತುತ್ತಿತ್ತು. ಬಟ್ಟೆ ಒಲೆಯ ಮೇಲೆ ಒಣಗಬೇಕು, ಒಲೆ ಉರಿದರೆ ಹೊಗೆ, ಹೊಗೆಯೆದ್ದರೆ ಮಗುವಿನ ಎದೆಯೊಳಗೆ ಯಾರೋ ಒಡೆದ ಕೊಳಲು ಊದಿದ ಹಾಗೆ ಸದ್ದು. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದಳು. ಅಲ್ಲಿನ ಡಾಕ್ಟರು ಕೊನೆಗೊಂದು ದಿನ ಪೆನ್ನು ಕೆಳಗಿಟ್ಟು, "ನೋಡಮ್ಮ, ಇನ್ನು ನಾನು ಬರೆಯೋ ಔಷಧಿ ಯಾವುದೂ ಉಳಿದಿಲ್ಲ. ಹವೆ ಬದಲಾಗ್ಬೇಕು. ಬಿಸಿಲಿರೋ ಕಡೆ ಯಾರಾದ್ರೂ ಇದ್ದಾರಾ ನಿಮ್ಮೋರು?" ಎಂದು ಕೇಳಿದರು.

ಇದ್ದವರು ಅಕ್ಕ ಒಬ್ಬರೇ. ಅವರನ್ನು ನಾನು ಕಂಡದ್ದೇ ಅಪರೂಪ. ಅವರ ಬಾಯಿಗೆ ನನ್ನ ಗಂಡನೇ ಹೆದರುತ್ತಿದ್ದರೆಂದಮೇಲೆ ನನ್ನ ಪಾಡು ಕೇಳಬೇಕೆ? ಇವರು ಫೋನ್ ಹಿಡಿದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳುತ್ತಿದ್ದಾಗ ಆ ಕಡೆಯಿಂದ ಅಕ್ಕನ ದನಿ ನನಗೂ ಕೇಳಿಸುವಷ್ಟು ಜೋರಾಗಿ ಬಂತು: "ಅದೇನ್ ಮುಲುಕ್ತಾ ಇದ್ದೀಯೋ! ಹೊರಟು ಬನ್ನಿ. ಮುಂದಿನ ಕೋಣೇಲಿ ನನ್ನ ಹೊಲಿಗೆ ಮಿಷನ್ನು, ಹಿಂದಿನ ಕೋಣೇಲಿ ನೀವು. ಯೋಚನೆ ಮಾಡ್ತಾ ಕೂತ್ರೆ ಆ ಮಗುಗೆ ಮದುವೆ ವಯಸ್ಸಾಗತ್ತೆ."

ಬಸ್ಸಿಳಿದ ದಿನ ಮಗಳ ಮೈಮೇಲೆ ಒಂದರ ಮೇಲೊಂದು ಸ್ವೆಟರು, ತಲೆಗೆ ಉಣ್ಣೆಯ ಟೊಪ್ಪಿ. ಸುಡುವ ಬಿಸಿಲಲ್ಲಿ ನಿಂತಿದ್ದ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದೇನು, ಮಗೂನ ಕರ್ಕೊಂಡ್ ಬಾ ಅಂದ್ರೆ ಕಂಬಳಿಹುಳ ತಂದಿದ್ದೀಯಾ?" ಎಂದರು. ಅವತ್ತಿನಿಂದ ಅದೇ ಹೆಸರು. ಬೀದಿಯ ಮಕ್ಕಳೂ ಹಾಗೇ ಕರೆಯುತ್ತಾರೆ, ಅವಳು ಠೀವಿಯಿಂದ ಓಗೊಡುತ್ತಾಳೆ.

ಆ ಊರಿನಲ್ಲಿ ಮರದ ಡಿಪೋದಲ್ಲಿದ್ದ ನನ್ನ ಗಂಡನಿಗೆ ಇಲ್ಲಿ ಸಿಕ್ಕ ಕೆಲಸ ಯಾವುದು ಗೊತ್ತೆ? ಐಸ್ ಫ್ಯಾಕ್ಟರಿಯದು! ಊರೆಲ್ಲ ಬೆವರುವಾಗ ಇವರು ಸ್ವೆಟರು ಹಾಕಿಕೊಂಡು ಸೈಕಲ್ಲಿನಲ್ಲಿ ಹೊರಟರೆ ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. "ಚಳಿಗೆ ಹೆದರಿ ಓಡಿಬಂದೋನು ಚಳಿ ಹತ್ರಾನೇ ಸಂಬಳಕ್ಕೆ ಸೇರಿದ," ಎಂದು ಅಕ್ಕ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಇವರೂ ನಗುತ್ತಿದ್ದರು. ಮಗು ಬೆಚ್ಚಗಿದೆಯಲ್ಲ, ಅಷ್ಟು ಸಾಕು ಎನ್ನುವ ಮನುಷ್ಯ.

ಅಕ್ಕ ಸ್ಕೂಲ್ ಮಕ್ಕಳ ಯೂನಿಫಾರಂ ಹೊಲಿಯುತ್ತಾರೆ. ನಾನು ಗುಂಡಿ ಹಚ್ಚುತ್ತೇನೆ, ಕಾಜಾ ಹಾಕುತ್ತೇನೆ. ನನ್ನ ಮೊದಲ ಕಾಜಾಗಳನ್ನು ನೋಡಿ, "ಇದರಲ್ಲಿ ಗುಂಡಿ ಅಲ್ಲ ಕಣೇ, ಗುಂಡಿ ಹಾಕ್ಕೊಳ್ಳೋ ಹುಡುಗಾನೇ ತೂರ್ತಾನೆ," ಎಂದಿದ್ದರು. ಬೈದರು, ಬಿಚ್ಚಿದರು, ನನ್ನ ಬೆರಳು ಹಿಡಿದು ಮತ್ತೆ ಹಾಕಿಸಿದರು. ಇಷ್ಟು ವರ್ಷ ಒಬ್ಬರೇ ಇದ್ದು ನಿಂತಲ್ಲೇ ಉಂಡು ಮುಗಿಸುತ್ತಿದ್ದ ಹೆಂಗಸು, ಈಗ ತಟ್ಟೆಗಳನ್ನು ಸಾಲಾಗಿಟ್ಟು, "ಎಲ್ರೂ ಬಂದ್ರಾ?" ಎಂದು ಕೇಳಿದ ಮೇಲೆಯೇ ಕೂರುತ್ತಾರೆ. ಆ "ಎಲ್ರೂ" ಅನ್ನುವುದರಲ್ಲಿ ನಾವಿದ್ದೇವಲ್ಲ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಮಗಳು ಸ್ಕೂಲಿನಿಂದ ಬಂದವಳೇ ಅತ್ತೆಯ ಪಕ್ಕ ಕೂತು ಬಾಬಿನ್ನಿಗೆ ದಾರ ಸುತ್ತುತ್ತಾಳೆ, ಸೂಜಿಗೆ ದಾರ ಪೋಣಿಸುತ್ತಾಳೆ. "ನನ್ನ ಕಣ್ಣು ಸ್ಕೂಲಿಗೆ ಹೋಗಿದೆ, ಬಂದ ಮೇಲೆ ಹೊಲಿದು ಕೊಡ್ತೀನಿ," ಎಂದು ಅಕ್ಕ ಗಿರಾಕಿಗಳನ್ನು ವಾಪಸ್ ಕಳಿಸಿದ್ದೂ ಉಂಟು.

ಇಷ್ಟೆಲ್ಲ ನೆಟ್ಟಗಾದ ಮೇಲೆ ಈ ಕೆಮ್ಮು. ಅದಕ್ಕೋಸ್ಕರವೇ ತಾನೆ ನಾವು ಎಲ್ಲ ಬಿಟ್ಟು ಬಂದದ್ದು? ಅದು ಇಲ್ಲಿಗೂ ಬಂದಿದೆ ಎಂದರೆ, ಇನ್ನೆಲ್ಲಿಗೆ? ಮಣ್ಣಾದ ಹೊದಿಕೆಯನ್ನು ಮತ್ತೆ ನೆನೆಹಾಕಿ ಅಲ್ಲೇ ಕುಳಿತುಬಿಟ್ಟೆ.

ಮಕ್ಕಳನ್ನು ಗದರಿಸಿ ಬಾಯಿ ಬಿಡಿಸಬಾರದು ಎನ್ನುವವಳು ನಾನು. ಅವಳೇ ಹೇಳಲಿ ಎಂದು ಕಾದೆ. ಅವಳೋ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೆಮ್ಮುತ್ತಿದ್ದಳು. ಒಮ್ಮೆ ದಿಂಬಿಗೆ ಮುಖ ಒತ್ತಿ, ಒಮ್ಮೆ ಹೊಲಿಗೆ ಬಟ್ಟೆಯ ರಾಶಿಯ ಹಿಂದೆ. ಕೊನೆಗೆ ಒಂದು ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು:

"ಕೇಳು. ನಾನು ಮಿಷನ್ ತುಳಿದ್ರೆ ಅವಳು ಕೆಮ್ತಾಳೆ. ನಿಲ್ಲಿಸಿದ್ರೆ ನಿಲ್ಲಿಸ್ತಾಳೆ. ಸುಮ್ನೆ ತುಳಿದು ನೋಡ್ದೆ, ಬಟ್ಟೇನೇ ಇಲ್ದೆ. ಆಗ್ಲೂ ಕೆಮ್ಮಿದ್ಲು. ಏನಿದು, ಅವಳು ಹಾಡೋದು ನಾನು ತಾಳ ಹಾಕೋದು?"

ತಮಾಷೆಗೆ ಹೇಳಿದರೂ ಅವರ ಮುಖದಲ್ಲಿ ನಗುವಿರಲಿಲ್ಲ. ಇವರೂ ಬಂದರು. ಮೂವರ ತಲೆ ಒಲೆಯ ಹತ್ತಿರ ಕೂಡಿತು.

"ಇಂಜೆಕ್ಷನ್ ಅಂದ್ರೆ ಹೆದರಿಕೆ ಇರ್ಬೇಕು, ಅದಕ್ಕೇ ಸದ್ದಿನಲ್ಲಿ ಮುಚ್ಚಿಡ್ತಾಳೆ," ಎಂದರು ಇವರು. ಇಂಜೆಕ್ಷನ್ ಎಂದರೆ ಇವರೇ ಇವತ್ತಿಗೂ ಆಚೆ ಮುಖ ತಿರುಗಿಸುತ್ತಾರೆ.

"ಹೆದರಿಕೆಯಲ್ಲ. ಏನೋ ಕೇಳ್ಬೇಕು ಅಂತಿದ್ದಾಳೆ," ಎಂದೆ ನಾನು. "ಬಾಯಿ ತೆಗೀತಾಳೆ, ಮುಚ್ಕೋತಾಳೆ."

ಅಕ್ಕ ಆ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದರು. "ಇನ್ನೇನ್ ಕೇಳ್ತಾಳೆ? ವಾಪಸ್ ಯಾವಾಗ ಹೋಗೋದು ಅಂತ. ಅಲ್ಲಿ ಅವಳ ಗೆಳತೀರು, ಅವಳ ಸ್ಕೂಲು. ಇಲ್ಲೇನಿದೆ? ದಾರದ ಉಂಡೆ, ನನ್ನ ಬಾಯಿ."

ಯಾರ ಹೊಟ್ಟೆಯಲ್ಲಿ ಯಾವ ಭಯವೋ, ಮಗುವಿನ ಬಾಯಲ್ಲೂ ಅದೇ ಇದೆ ಎಂದು ನಾವು ಮೂವರೂ ನಂಬಿದೆವು. ಆಮೇಲೆ ಮಾಡಿದ ತಪ್ಪೂ ಮೂವರದ್ದೇ. ಅವಳೆದುರಿಗೆ ಹಳೆಯ ಊರಿನ ಸುದ್ದಿಯನ್ನೇ ಎತ್ತಬಾರದು, ನೆನಪು ಕೆದಕಬಾರದು ಎಂದು ನಿರ್ಧರಿಸಿದೆವು. ಅವಳು ಒಳಗೆ ಬಂದ ತಕ್ಷಣ ಮಾತು ನಿಲ್ಲುತ್ತಿತ್ತು. ಇವರು ಚಾವಣಿ ನೋಡುತ್ತಿದ್ದರು. ಅಕ್ಕ ಇದ್ದಕ್ಕಿದ್ದ ಹಾಗೆ, "ಉಪ್ಪಿನ ಡಬ್ಬಿ ಎಲ್ಲಿಟ್ಟೆ?" ಎನ್ನುತ್ತಿದ್ದರು. ಉಪ್ಪಿನ ಡಬ್ಬಿ ಅವರ ಕೈಯಲ್ಲೇ ಇರುತ್ತಿತ್ತು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಹೊರಗೆ ಹೋಗುತ್ತಿದ್ದಳು.

ಅಂಥದೇ ಒಂದು ಸಂಜೆ ಅವಳು ಬಾಬಿನ್ ಸುತ್ತುತ್ತಾ ಕೇಳಿದಳು: "ಅತ್ತೆ, ನಾನು ಬರೋಕ್ ಮುಂಚೆ ಸೂಜಿಗೆ ದಾರ ಯಾರು ಹಾಕ್ತಿದ್ರು?"

"ಯಾರು ಹಾಕ್ತಾರೆ? ನಾನೇ. ಹತ್ತು ಸಲ ನಾಲಿಗೆಗೆ ಒತ್ತಿ, ಹತ್ತು ಸಲ ಬೈದು."

"ಸೂಜೀಗಾ?"

"ಸೂಜಿಗೂ, ಅದನ್ನ ಮಾಡಿದೋನ್ಗೂ."

ಮಗಳು ನಗಲಿಲ್ಲ. ಡಬ್ಬಿಯಲ್ಲಿದ್ದ ಸೂಜಿಗಳನ್ನೆಲ್ಲ ತೆಗೆದು ಒಂದೊಂದಕ್ಕೂ ಉದ್ದುದ್ದ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುತ್ತಾ ಹೋದಳು. "ಇಷ್ಟೊಂದ್ಯಾಕೆ, ಊರಿಗೆಲ್ಲ ಹೊಲಿಗೆ ಹಾಕ್ತೀಯಾ?" ಎಂದು ಅಕ್ಕ ಕೇಳಿದರೆ, "ಇರ್ಲಿ," ಎಂದಳು. ಅಷ್ಟೇ.

ಮಾರನೆಯ ದಿನ ಅಕ್ಕ ಬಾಗಿಲಿಗೆ ಬೀಗ ಹಾಕಿದರು. ಸ್ಕೂಲು ಶುರುವಾದ ಹೊಸತರಲ್ಲಿ ಅವರ ಬಾಗಿಲು ಮುಚ್ಚಿದ್ದನ್ನು ಆ ಬೀದಿ ಕಂಡಿರಲಿಲ್ಲವಂತೆ. ಯೂನಿಫಾರಂ ಕೇಳಲು ಬಂದವರೊಬ್ಬರು, "ಅಮ್ಮಾ, ನಾಳೆ ಬೇಕಿತ್ತಲ್ಲ!" ಎಂದರೆ, "ನಿಮ್ಮ ಮಗ ಒಂದಿನ ಹಳೇ ಚಡ್ಡಿ ಹಾಕ್ಕೊಂಡ್ರೆ ಊರೇನ್ ಮುಳುಗಲ್ಲ. ನನ್ನ ಹುಳಕ್ಕೆ ಹುಷಾರಿಲ್ಲ," ಎಂದು ಮಗಳ ಕೈ ಹಿಡಿದು ನಡೆದೇಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ಸ್ವೆಟರು ಬಿಚ್ಚದೆಯೇ ಫ್ಯಾಕ್ಟರಿಯಿಂದ ಓಡಿಬಂದಿದ್ದ ಇವರು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಮಗಳು ಅತ್ತೆಯ ಸೊಂಟಕ್ಕೆ ಅಂಟಿಕೊಂಡು ಕೂತಿದ್ದಳು. ಡಾಕ್ಟರಮ್ಮ ಬೆನ್ನಿಗೆ, ಎದೆಗೆ ಕೊಳವೆಯಿಟ್ಟು ಕೇಳಿದರು. ಹೊರಗಿನ ಮೆಟ್ಟಿಲನ್ನು ಹತ್ತಿ ಇಳಿದು ಬಾ ಎಂದರು. ಅವಳು ಓಡಿ ಹತ್ತಿ ಓಡಿ ಇಳಿದಳು. ಮತ್ತೆ ಕೊಳವೆಯಿಟ್ಟರು.

"ಎದೆ ಚೊಕ್ಕವಾಗಿದೆ," ಎಂದರು ಡಾಕ್ಟರಮ್ಮ. "ಬಾಯಿ ತೆಗಿ ಪುಟ್ಟಾ. ಆ... ಗಂಟಲು ಮಾತ್ರ ಕೆಂಪಗಿದೆ. ತಣ್ಣಗಿರೋದು ಏನ್ ತಿಂದೆ?"

ಮಗಳು ಅಪ್ಪನ ಕಡೆ ನೋಡಿದಳು. ಇವರು ನೆಲ ನೋಡಿದರು.

"ಐಸು," ಎಂದಳು ಮಗಳು. "ಅಪ್ಪ ದಿನಾ ಊಟದ ಡಬ್ಬೀಲಿ ತರ್ತಾರೆ. ನಾವೆಲ್ಲ ಹಂಚ್ಕೊಂಡು ಚೀಪ್ತೀವಿ."

"ಒಡೆದ ಚೂರು... ಮಕ್ಕಳು ಖುಷಿಪಡ್ತಾರೆ ಅಂತ..." ಇವರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ಲೋ ಪುಣ್ಯಾತ್ಮಾ!" ಅಕ್ಕ ಎದ್ದು ನಿಂತರು. "ಮಗುಗೆ ಬಿಸಿಲು ಬೇಕು ಅಂತ ಊರು ಬಿಡಿಸಿ ಕರ್ಕೊಂಡ್ ಬಂದು, ಡಬ್ಬೀಲಿ ಚಳಿ ತುಂಬ್ಕೊಂಡ್ ಬಂದು ತಿನ್ನಿಸ್ತೀಯಾ? ನಿನ್ನ ಆ ಸ್ವೆಟರಿನಲ್ಲೇ ಕಟ್ಟಿಹಾಕಿ ಬಿಸಿಲಲ್ಲಿ ಒಣಗಿಸ್ತೀನಿ ನೋಡು!"

ಡಾಕ್ಟರಮ್ಮ ನಗು ತಡೆಯಲಾರದೆ ಕೊಳವೆ ತೆಗೆದಿಟ್ಟರು. "ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸ್ಲಿ. ನಾಲ್ಕು ದಿನಕ್ಕೆ ಹೋಗತ್ತೆ. ಮಕ್ಕಳು ಅಂದ್ಮೇಲೆ ಕೆಮ್ತಾರಮ್ಮ, ಯಾವ ಊರಾದ್ರೂ."

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಆ ಇಲಿಗೆ ಅವತ್ತು ನಾನು ಮನಸ್ಸಿನಲ್ಲೇ ಕೈ ಮುಗಿದೆ. ದಾರಿಯುದ್ದಕ್ಕೂ ಅಕ್ಕ ತಮ್ಮನನ್ನು ಬೈಯುತ್ತಲೇ ಇದ್ದರು, ಇವರು ತಲೆ ತಗ್ಗಿಸಿ ನಗುತ್ತಲೇ ಇದ್ದರು. ನಾನು ಹಿಂದೆ ಉಳಿದು ಕಣ್ಣೊರೆಸಿಕೊಂಡೆ. ಪೆನ್ನು ಕೆಳಗಿಟ್ಟ ಆ ಹಳೆಯ ಡಾಕ್ಟರಿಗೆ, ನಮ್ಮನ್ನು ಬನ್ನಿ ಎಂದ ಈ ಬಾಯಿಗೆ, ಈ ಒಣ ಗಾಳಿಗೆ, ಬೆವರಿಗೆ ಕೂಡ, ಯಾರಿಗೆಂದು ಮೊದಲು ಕೈ ಮುಗಿಯಲಿ?

ಮಗಳ ಮುಖ ಮಾತ್ರ ಅರಳಿರಲಿಲ್ಲ.

ಮನೆಗೆ ಬಂದು ನೀರು ಕಾಯಿಸಿ ಉಪ್ಪು ಹಾಕಿ ಕೊಟ್ಟೆ. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಗೊಳಗೊಳ ಮುಕ್ಕಳಿಸಿ ಉಗುಳಿದಳು. ನಾನು ಪಕ್ಕದಲ್ಲಿ ಒಂದು ಅಂಗಿಗೆ ಗುಂಡಿ ಹಚ್ಚುತ್ತಾ ಕುಳಿತೆ. ಅಕ್ಕ ಬಾಗಿಲಲ್ಲಿ ನಿಂತು ಕತ್ತರಿಯಿಂದ ಯಾವುದೋ ಹೊಲಿಗೆ ಬಿಚ್ಚುತ್ತಿದ್ದರು. ಇವರು ಪ್ರಾಯಶ್ಚಿತ್ತವೋ ಏನೋ, ಹೇಳದೆಯೇ ಒಣಗಿದ ಬಟ್ಟೆ ತೆಗೆದು ಮಡಚುತ್ತಿದ್ದರು.

ಮಗಳಿಗೆ ಕೆಮ್ಮು ಬಂತು. ಅಭ್ಯಾಸಬಲದಿಂದ ಅಂಗೈ ಬಾಯಿಗೆ ಹೋಯಿತು. ನಾನು ಮೆಲ್ಲಗೆ ಆ ಕೈ ಹಿಡಿದು ಕೆಳಗಿಳಿಸಿದೆ.

"ಕೆಮ್ಮು ಮಗಾ. ಗಂಟಲು ಕೆರೆದ್ರೆ ಕೆಮ್ಮಬೇಕು. ಯಾರೂ ಬೈಯಲ್ಲ."

ಅವಳು ಮನಸಾರೆ ಕೆಮ್ಮಿದಳು. ಆಮೇಲೆ ಸ್ವಲ್ಪ ಹೊತ್ತು ಲೋಟದೊಳಗೆ ನೋಡುತ್ತಾ ಕೂತಳು. ನಾನು ಅವಸರ ಮಾಡಲಿಲ್ಲ. ವಾಪಸ್ ಯಾವಾಗ ಎಂದು ಅವಳು ಕೇಳಿದರೆ ಹೇಳಬೇಕಾದ ಮಾತನ್ನು ಎಷ್ಟೋ ದಿನದಿಂದ ಒಳಗೇ ಹೊಂದಿಸಿಕೊಂಡಿದ್ದೆ. ಅಕ್ಕನ ಕತ್ತರಿ ನಿಂತಿತ್ತು. ಅವರೂ ಅದಕ್ಕೇ ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು.

ಮಗಳು ಅತ್ತೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೊನೆಗೆ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು:

"ಅಮ್ಮಾ, ಹೋದ್ಸಲ ನಾನು ಕೆಮ್ಮಿದ್ದಕ್ಕೆ ಆ ಊರು ಬಿಟ್ವಲ್ಲ... ಈಗ ಮತ್ತೆ ಕೆಮ್ಮಿದ್ದಕ್ಕೆ, ಅತ್ತೇನೂ ಬಿಟ್ಟು ಹೋಗ್ಬೇಕಾ?"