ಮೂರೂವರೆ ಬಸ್ಸಿನವರು

ಪಾಠ ಮಾಡುವವರಿಗೆ ನೆರವು ಬೇಕಂತೆ. ಮಧುಗಿರಿಯ ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಬಿ.ಎಸ್ಸಿ. ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿರುವ ನನಗೆ ನೆರವಾಗಲೆಂದು ವಿಶ್ವವಿದ್ಯಾಲಯದವರು ಲೋಹಿತಾ ಎಂಬ ಸಂಶೋಧಕಿಯನ್ನು ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. “ಸುಮ್ನೆ ಒಂದ್ಕಡೆ ಕೂತಿರ್ತಾರೆ ಬಿಡ್ರಿ, ಪ್ರಸನ್ನ ಕುಮಾರ್” ಎಂದು ಪ್ರಿನ್ಸಿಪಾಲರು ಸಮಾಧಾನ ಹೇಳಿದರು.

ಆಕೆ ನಿಜವಾಗಿಯೂ ಸುಮ್ಮನೆ ಕೂತಳು. ಮೂರು ವಾರ, ಲ್ಯಾಬಿನ ಮೂಲೆಯಲ್ಲಿ, ಕೈಯಲ್ಲೊಂದು ಹಾಳೆ. ನಾನು ಹುಡುಗರಿಗೆ ಬೈದರೆ ಅವಳ ಪೆನ್ನು ಅಲ್ಲಾಡುತ್ತಿರಲಿಲ್ಲ. ನಾನು ಚೆನ್ನಾಗಿ ವಿವರಿಸಿದರೂ ಅಲ್ಲಾಡುತ್ತಿರಲಿಲ್ಲ. ಯಾವನೋ ಹಿಂದಿನ ಟೇಬಲ್ಲಿನಲ್ಲಿ ಬ್ಯೂರೆಟ್ಟಿನ ಗಾಜಿನ ಕೊಳವೆಯ ನಲ್ಲಿ ತಿರುಗಿಸಿದರೆ ಮಾತ್ರ ಟಕ್ಕನೆ ಒಂದು ಚುಕ್ಕೆ ಇಡುತ್ತಿದ್ದಳು. ಇದೇನು ಲೆಕ್ಕವೋ, ನನಗೆ ತಲೆಬುಡ ತಿಳಿಯಲಿಲ್ಲ.

ಕೊನೆಯ ದಿನ ಹಾಳೆಯನ್ನು ನನ್ನ ಮುಂದಿಟ್ಟಳು. ಇಪ್ಪತ್ತನಾಲ್ಕು ಹೆಸರು, ಪಕ್ಕದಲ್ಲಿ ಚುಕ್ಕೆಗಳ ಸಾಲು. ಕೆಳಗಿನ ಐದು ಹೆಸರುಗಳ ಮುಂದೆ ಮಾತ್ರ ಏನೂ ಇರಲಿಲ್ಲ.

“ಇದೇನಮ್ಮ?”

“ಉಪಕರಣ ಕೈಗೆ ತಗೊಂಡಾಗೆಲ್ಲ ಒಂದೊಂದು ಚುಕ್ಕೆ ಸರ್.”

“ಈ ಐದು ಜನಕ್ಕೆ ಹಾಕೋದು ಮರ್ತಿದ್ದೀರಿ.”

“ಮರ್ತಿಲ್ಲ ಸರ್.”

ಆ ಐವರೂ ಕೊಡಿಗೇನಹಳ್ಳಿಯಿಂದಾಚೆಯ ಊರುಗಳ ಹುಡುಗಿಯರು. ನಮ್ಮ ಪ್ರಾಕ್ಟಿಕಲ್ ಎರಡರಿಂದ ಐದು ಗಂಟೆಯವರೆಗೆ. ಅವರ ಬಸ್ಸು ಮೂರೂವರೆಗೆ. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆಯೇ. ಬೇರೆ ಮೇಷ್ಟ್ರುಗಳು ಇಂಥವರಿಗೆ ಆಬ್ಸೆಂಟ್ ಹಾಕುತ್ತಾರೆ. ನಾನು ಹಾಕಿದವನಲ್ಲ. “ಬಸ್ಸಿನವರು ಈ ಕಡೆ ಬನ್ನಿ, ನಿನ್ನೆ ಬ್ಯಾಚಿನ ರೀಡಿಂಗ್ ಬರ್ಕೊಂಡು ಹೊರಡಿ” ಎಂದು ಎರಡು ಗಂಟೆಗೇ ಪಕ್ಕಕ್ಕೆ ಕೂರಿಸಿ, ಮೂರೂಕಾಲಿಗೆಲ್ಲ ಕಳಿಸುತ್ತಿದ್ದೆ. ಒಂದು ಮಾರ್ಕೂ ಕತ್ತರಿಸುತ್ತಿರಲಿಲ್ಲ. ಈ ವಿಷಯದಲ್ಲಿ ನನ್ನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

“ಇದು ಅನ್ಯಾಯನಾ? ಹಾಜರಿ ಕತ್ತರಿಸ್ಬೇಕಿತ್ತಾ? ಹೆಣ್ಣುಮಕ್ಕಳನ್ನ ಕತ್ತಲಲ್ಲಿ ಕಳಿಸ್ಬೇಕಿತ್ತಾ?” ಎಂದು ರೇಗಿದೆ.

“ಏನು ಮಾಡ್ಬೇಕಿತ್ತು ಅಂತ ನನಗೂ ಗೊತ್ತಿಲ್ಲ ಸರ್. ಅವರನ್ನೇ ಕೇಳಿ ನೋಡೋಣ್ವಾ?” ಎಂದಳು ಲೋಹಿತಾ.

ನೆರವಿಗೆ ಬಂದವಳಿಗೇ ಗೊತ್ತಿಲ್ಲವೆಂದರೆ ನಾನು ಯಾರ ಹತ್ತಿರ ಹೋಗಲಿ? ಸಿಟ್ಟು ಅವಳ ಮೇಲೋ ನನ್ನ ಮೇಲೋ ಎಂಬುದೂ ಗೊತ್ತಾಗಲಿಲ್ಲ. ಗುರುವಾರ ಪ್ರಾಕ್ಟಿಕಲ್ ಪರೀಕ್ಷೆ, ಈ ಸಲ ಮೊದಲ ಬಾರಿಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಐವರಲ್ಲಿ ಒಬ್ಬಳಾದ ಭುವನಾ ಥಿಯರಿಯಲ್ಲಿ ಇಡೀ ಕ್ಲಾಸಿಗೇ ಮೊದಲು. ಎಂ.ಎಸ್ಸಿ. ಮಾಡುತ್ತೇನೆಂದು ಹಟ ಹಿಡಿದಿದ್ದವಳು. ಅವಳು ಗುರುವಾರ ಬ್ಯೂರೆಟ್ಟಿನ ಮುಂದೆ ನಿಂತು ಏನು ಮಾಡುತ್ತಾಳೆ?

ಸೋಮವಾರ ಬೇಗ ಬಂದು, ಭುವನಾಳನ್ನು ಯಾವಾಗ ಕರೆಸುವುದು ಎಂದು ಅಟೆಂಡರ್ ಚಿಕ್ಕಹನುಮಯ್ಯನನ್ನು ಕೇಳಿದೆ.

“ಕರ್ಸೋದೇನ್ ಸಾರ್, ಅಲ್ಲೇ ಅವ್ರಲ್ಲ. ಐದೂ ಜನ ದಿನಾ ಬೆಳಗ್ಗಿನ ಬಸ್ಸಿಗೆ ಎಂಟೂವರೆಗೇ ಬಂದು ಆ ಹೊಂಗೆ ಮರದ ಕೆಳ್ಗೆ ಕುಂತಿರ್ತರೆ” ಎಂದ.

ನಮ್ಮ ಮೊದಲ ಕ್ಲಾಸು ಹತ್ತಕ್ಕೆ.

“ನಂಗ್ಯಾಕಯ್ಯ ಹೇಳ್ಲಿಲ್ಲ?”

“ನೀವ್ ಕೇಳ್ನಿಲ್ವಲ್ಲ ಸಾರ್.”

ಎರಡು ವರ್ಷ, ದಿನಾ ಒಂದೂವರೆ ಗಂಟೆ. ಬೀಗ ಹಾಕಿದ ಲ್ಯಾಬು ಆ ಮರದಿಂದ ಇಪ್ಪತ್ತು ಹೆಜ್ಜೆ, ಬೀಗದ ಕೈ ನನ್ನ ಜೇಬಿನಲ್ಲಿ. ಭುವನಾಳನ್ನು ಒಳಗೆ ಕರೆದೆ. ಆಸಿಡ್ಡಿನ ಫ್ಲಾಸ್ಕು, ಅದಕ್ಕೆರಡು ತೊಟ್ಟು ಬಣ್ಣ ತೋರಿಸುವ ಫಿನಾಲ್ಫ್ತಲೀನ್, ಮೇಲೆ ಬ್ಯೂರೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ದ್ರಾವಣ, ಎಲ್ಲ ಸಿದ್ಧ ಮಾಡಿಟ್ಟೆ.

“ನಂಗೂ ಮಾಡಕ್ಕೆ ಕೊಡಿ ಅಂತ ಒಂದಿನಾನೂ ಕೇಳ್ಲಿಲ್ವಲ್ಲಮ್ಮ ನೀನು?”

ಅವಳು ತಲೆ ತಗ್ಗಿಸಿದಳು. “ನೀವೇ ನಮ್ಮೇಲೆ ಕನಿಕರ ಇಟ್ಟು ಬುಟ್ ಕಳಿಸ್ತಿದ್ರಿ ಸಾರ್. ಅದ್ರ ಮೇಲೆ ಇನ್ನೊಂದು ಹೆಂಗ್ ಕೇಳೋದು?”

ಬ್ಯೂರೆಟ್ಟನ್ನು ಅವಳ ಕಡೆ ಸರಿಸಿದೆ. ಶುರು ಮಾಡು ಎಂದೆ. ಬಿಸಿ ಪಾತ್ರೆ ಮುಟ್ಟುವವಳ ಹಾಗೆ ಎರಡೇ ಬೆರಳಲ್ಲಿ ನಲ್ಲಿ ಹಿಡಿದು ತಿರುಗಿಸಿದಳು. ದ್ರಾವಣ ಸುರ್ರನೆ ಸುರಿಯಿತು. ಅವಳು ಗಾಬರಿಯಾಗಿ ನಿಲ್ಲಿಸುವ ಹೊತ್ತಿಗೆ ಫ್ಲಾಸ್ಕು ಬೀಟ್‌ರೂಟ್ ಬೇಯಿಸಿದ ನೀರಿನಂತೆ ಗಾಢವಾಗಿತ್ತು. ಅವಳ ಮುಖ ಮಾತ್ರ ಅರಳಿತು.

“ಸಾರ್, ತಿಳಿ ಗುಲಾಬಿ ಅಂದ್ರೆ ಇದೇನಾ?”

ಅವಳ ರೆಕಾರ್ಡ್ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಲಾಯಿತು ಎಂದು ಮುತ್ತಿನಂಥ ಅಕ್ಷರದಲ್ಲಿ ಆರು ಕಡೆ ಬರೆದಿದ್ದಳು. ಆರು ಕಡೆಯೂ ಕೆಳಗೆ ಕೆಂಪು ಇಂಕಿನಲ್ಲಿ ಹತ್ತಕ್ಕೆ ಹತ್ತು, ನನ್ನ ಸಹಿ.

“ಅಲ್ಲ ಕಣಮ್ಮ” ಎಂದೆ.

“ಮತ್ತೆ ಅದು ಹೆಂಗಿರ್ತೈತೆ ಸಾರ್?”

 ಫ್ಲಾಸ್ಕನ್ನು ಅವಳ ಕೈಗೆ ಕೊಟ್ಟು, ತೊಳೆದುಕೊಂಡು ಬಾ, ಇನ್ನೊಂದು ಸಲ ಮಾಡಿ ನೀನೇ ನೋಡು ಎಂದೆ.