ಕಾಲ್ಮೆಟ್‌ನ ಗಿಯಾಮನ್

ಕಾಲ್ಮೆಟ್ ನಡೆಯುವಾಗ ಕಾಲು ಊರಿನಲ್ಲಿದ್ದರೂ ಕಣ್ಣು ಇನ್ನೆಲ್ಲೋ ಇರುತ್ತಿತ್ತು. ಎಫಾಟೆ ದ್ವೀಪದ ನಮ್ಮ ಹಳ್ಳಿಯ ಒಂದೊಂದು ಆಲದ ಬೇರಿಗೂ ಅವನ ಹೆಬ್ಬೆರಳಿನ ಪರಿಚಯವಿತ್ತು. ಯಾವುದೋ ಹಡಗಿನವರು ಬಿಟ್ಟುಹೋದ ಉಣ್ಣೆಯ ಕೋಟನ್ನು ಸುಡುಸೆಕೆಯಲ್ಲೂ ತೊಟ್ಟು, ಎಡವಿದ ಬೇರಿಗೆ "ತಪ್ಪಾಯ್ತು ಮಾವ" ಎಂದು ಹೇಳಿಯೇ ಮುಂದೆ ಸಾಗುತ್ತಿದ್ದ. 'ಇರಬಹುದಲ್ಲ' ಎನ್ನದೆ ಅವನ ಯಾವ ಮಾತೂ ಮುಗಿಯುತ್ತಿರಲಿಲ್ಲ. "ಆ ಮೋಡದ ಹಿಂದೆ ಇನ್ನೊಬ್ಬ ನಾಯಕ ಹೆಂಡ್ತಿ ಹತ್ರ ಬೈಸ್ಕೊಳ್ತಾ ಇರಬಹುದಲ್ಲ" ಎಂದರೆ ಮೊದಲು ನಗುತ್ತಿದ್ದವಳು ನಮ್ಮ ಊರ ನಾಯಕನ ಹೆಂಡತಿಯೇ.

ಶಾಲೆಯ ಮೇಷ್ಟ್ರಾದ ನಾನು ಮಕ್ಕಳಿಗಾಗಿ ಪುಸ್ತಕದ ಪದಗಳಿಗೆ ನಮ್ಮ ಮಾತಿನ ಅರ್ಥ ಕೊಡುವ ಪಟ್ಟಿ ಬರೆಯುತ್ತಿದ್ದ ವರ್ಷ, 'ಕಲ್ಪನಾಶಾಲಿ' ಎಂಬಲ್ಲಿ ಲೇಖನಿ ನಿಂತುಬಿಟ್ಟಿತು. ಸುಳ್ಳಿಗೂ, ತಮಾಷೆಗೂ, ಮಕ್ಕಳ ಸೋಗಿನಾಟಕ್ಕೂ, ಇಲ್ಲದ್ದನ್ನು ಕಾಣುವ ಶಕ್ತಿಗೂ ನಮ್ಮವರಲ್ಲಿ ಇರುವುದು ಒಂದೇ ಮಾತು, ಗಿಯಾಮನ್. ಬೇರೆ ದಾರಿ ಕಾಣದೆ ಅದನ್ನೇ ಬರೆದೆ.

ಅದೇ ವರ್ಷ ಲೈಮರಾಳ ಗಂಡ ತಾರಿಪೋವಾ ಮೀನಿಗೆ ಹೋದವನು ಮರಳಲಿಲ್ಲ. ಅವಳು ಅನ್ನಾಹಾರ ಬಿಟ್ಟಳು. ಆಗ ಕಾಲ್ಮೆಟ್ ಪ್ರತಿ ಭಾನುವಾರದ ಪ್ರಾರ್ಥನೆ ಮುಗಿದೊಡನೆ ಅವಳ ಅಂಗಳದಲ್ಲಿ ಕೂತು, ತಾರಿಪೋವಾ ಯಾವುದೋ ದ್ವೀಪ ಸೇರಿರಬಹುದೆಂದೂ, ಅಲ್ಲಿಯವರಿಗೆ ದೀವಿಹಲಸು ಸುಡಲು ಬಾರದೆಂದು ಜಗಳವಾಡುತ್ತಿರಬಹುದೆಂದೂ ಹೇಳತೊಡಗಿದ. ಕೇಳುತ್ತ ಕೇಳುತ್ತ ಅವಳು ಎರಡು ತುತ್ತು ಉಣ್ಣತೊಡಗಿದಳು. ಅವಳ ಅಣ್ಣನಿಗೆ ಮಾತ್ರ ಇದು ಹಿಡಿಸಲಿಲ್ಲ. ತಂಗಿಗೆ ಹುಸಿ ಆಸೆ ಹುಟ್ಟಿಸುತ್ತಿದ್ದಾನೆಂದು ನಾಯಕನಿಗೆ ದೂರು ಕೊಟ್ಟ. ನ್ಯಾಯತೀರ್ಮಾನಕ್ಕೆ ಊರೆಲ್ಲ ಸೇರಿತು.

"ತಾರಿಪೋವಾನ್ನ ನೀನು ನೋಡಿದ್ದೀಯಾ?" ನಾಯಕ ಕೇಳಿದ.

"ಇಲ್ಲ."

"ಮತ್ತೆ ಇಷ್ಟು ದಿನ ಹೇಳಿದ್ದೆಲ್ಲ?"

"ಗಿಯಾಮನ್."

ಸಭೆ ಅದನ್ನು ಸುಳ್ಳೆಂದೇ ಹಿಡಿಯಿತು. ಆ ಮಾತಿಗೆ ಬೇರೆ ಅರ್ಥವೂ ಉಂಟೆಂದು ಬಲ್ಲ ನಾನು ಬಾಯಿ ಬಿಡಲಿಲ್ಲ. ಅದಕ್ಕಾಗಿ ಇಂದಿಗೂ ನಾಚಿಕೆಪಡುತ್ತೇನೆ. ಲೈಮರಾಳಿಗೆ ಒಂದು ಚಾಪೆ ತಪ್ಪುಕಾಣಿಕೆ ಕೊಡಬೇಕು, ಇನ್ನು ಅವಳ ಅಂಗಳ ತುಳಿಯಕೂಡದು ಎಂದು ತೀರ್ಪಾಯಿತು. ಕಾಲ್ಮೆಟ್ ಚಾಪೆ ತಂದು ಅವಳ ಮುಂದಿಟ್ಟ. ಅವಳು ಅದನ್ನು ಬಿಚ್ಚಿ, ಎಲ್ಲರೆದುರೇ ಹಾಸಿದಳು.

"ಕೂತ್ಕೊ."

"ಅವನೇ ಸುಳ್ಳು ಅಂತ ಒಪ್ಕೊಂಡನಲ್ಲಮ್ಮ" ಎಂದ ನಾಯಕ.

"ನನ್ನ ಗಂಡ ಸತ್ತಿದ್ದು ನಂಗೆ ಗೊತ್ತಿಲ್ವಾ ದೊಡ್ಡಪ್ಪ? ಅವತ್ತಿನ ಅಲೆ ನೋಡ್ದೋಳು ನಾನು. ನೀವೆಲ್ಲ ಅವನ ಹೆಸರೆತ್ತೋದೇ ಬಿಟ್ರಿ. ಇವನೊಬ್ಬ ವಾರ ವಾರ ಮಾತಲ್ಲೇ ಅವನಿಗೆ ಊಟಕ್ಕಿಡ್ತಾನೆ." ಆಮೇಲೆ ಕಾಲ್ಮೆಟ್‌ನತ್ತ ತಿರುಗಿ, "ಹೇಳು, ದೀವಿಹಲಸಿನ ಜಗಳ ಮುಗೀತಾ?" ಎಂದಳು.

ಅವನು ಕೂತ. ನಾಯಕನೂ ಏಳಲಿಲ್ಲ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ, ಅವರನ್ನು ಸುಳ್ಳರೆಂದು ಕರೆದು ಸುಮ್ಮನಾಗುವುದು ನಮ್ಮಂಥವರಿಗೆ ಸುಲಭ. ಆದರೆ ಇಲ್ಲವಾದವರ ಯೋಗಕ್ಷೇಮ ವಿಚಾರಿಸುವ ಧೈರ್ಯ ಅವರಿಗಲ್ಲದೆ ಬೇರೆ ಯಾರಿಗೂ ಇರುವುದನ್ನು ನಾನು ಕಂಡಿಲ್ಲ.